ಮುಕ್ತ ನಕಾಶೆಯೂ ಗಣಕಯಂತ್ರದ ವಿಮಾನಯಾನವೂ

ನಮ್ಮ ಶಾಲೆಯ ಗಣಕಯಂತ್ರದ ಕೋಣೆಯಲ್ಲಿ ವಿದ್ಯಾರ್ಥಿನಿಯರು ವಾರಕ್ಕೊಂದು ತಾಸು ವಿಮಾನ ಹಾರಿಸುವರೆಂಬ ಸುದ್ದಿಯು ಪಾಲಕರ ಕಿವಿಗೆ ಬಿದ್ದಂದಿನಿಂದ ನನಗೆ ಮೇಲಿಂದ ಮೇಲೆ ಒಂದು ಪ್ರಶ್ನೆಯು ಬರುತ್ತಿರುವದು: “ಅಕ್ಕಾವರೇ, ಇದು ಆಟವೋ, ಪಾಠವೋ?” ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಇದೇ ಮಾತನ್ನು ತುಸು ನಗುತ್ತ ಕೇಳುವರು, ತಮ್ಮ ಕಾಲದಲ್ಲಿ ಭೂಗೋಲವೆಂದರೆ ಗೋಡೆಗೆ ತೂಗುಹಾಕಿದ ನಕಾಶೆಯೂ ಗುರುಗಳ ಕೈಯಲ್ಲಿಯ ಕೋಲೂ ಆಗಿದ್ದವೆಂದು ನೆನಸುವರು. ಪ್ರಶ್ನೆಯು ಯೋಗ್ಯವಾದದ್ದು, ಒಂದು ವಾಕ್ಯದಲ್ಲಿ ಉತ್ತರ ಕೊಡತಕ್ಕದ್ದಲ್ಲ. ಆದಕಾರಣ ಈ ವಿಮಾನಯಾನವೆಂದರೇನು, ಅದರ ಕೆಳಗಿರುವ ನಕಾಶೆಯು ಯಾರದು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಜನರಿಗೆ ಅದರಲ್ಲಿ ಯಾವ ಕೆಲಸವು ಉಳಿದಿರುವದು ಎಂಬ ಮೂರು ಸಂಗತಿಗಳನ್ನು ಈ ಸ್ಮರಣಸಂಚಿಕೆಯಲ್ಲಿ ಕ್ರಮವಾಗಿ ಬಿಡಿಸಿ ಹೇಳಲು ಬಯಸುವೆನು.

ಮೊದಲು ವಿಮಾನಯಾನದ ವಿಚಾರ. ವರ್ತಮಾನಪತ್ರವನ್ನೋ ಪರೀಕ್ಷೆಯ ಫಲಿತಾಂಶವನ್ನೋ ನೋಡುವದಕ್ಕೆ ನಾವು ತೆರೆಯುವ ಬ್ರೌಸರ್ ಎಂಬ ಸಾಧನವನ್ನು ಈಗ ಎಲ್ಲರೂ ಬಲ್ಲರು. ೨೦೧೧ರಲ್ಲಿ ವೆಬ್‌ಜಿಎಲ್ ಎಂಬ ಸರ್ವಸಾಧಾರಣ ಪದ್ಧತಿಯು ಹೊರಬಿದ್ದ ಮೇಲೆ ಈ ಬ್ರೌಸರಿನೊಳಗೇ ಉದ್ದ, ಅಗಲ, ಎತ್ತರಗಳುಳ್ಳ ಚಿತ್ರಗಳನ್ನು ಶೀಘ್ರವಾಗಿ ಮೂಡಿಸುವದು ಸುಲಭವಾಯಿತು. ಹೀಗಾಗಿ ಬೇರೆ ಯಾವ ತಂತ್ರಾಂಶವನ್ನೂ ಕೂಡಿಸಿಕೊಳ್ಳದೆ ಇಡೀ ಭೂಗೋಲವನ್ನು ತೆರೆಯ ಮೇಲೆ ತಿರುಗಿಸಬಹುದು. ಅದರ ಮೇಲೆ ವಿಮಾನವನ್ನೂ ನಡಿಸಬಹುದು. ಜಿಯೋಎಫ್‌ಎಸ್ ಎಂಬದು ಈ ಬಗೆಯ ಸಾಧನಗಳಲ್ಲಿ ಹೆಸರಾದದ್ದು.

ಇದು ಬರಿಯ ಚಿತ್ರದ ಓಟವಲ್ಲ. ಹಾರುವ ವಿಮಾನದ ಮೇಲೆ ನಾಲ್ಕು ಬಲಗಳು ಕೆಲಸಮಾಡುವವು: ಕೆಳಗೆಳೆಯುವ ಭಾರ, ರೆಕ್ಕೆಯಿಂದ ಹುಟ್ಟುವ ಎತ್ತುಬಲ, ಎಂಜಿನಿನ ನೂಕುಬಲ, ಗಾಳಿಯ ತಡೆಬಲ. ಯಂತ್ರವು ಸೆಕೆಂಡಿಗೆ ಹತ್ತಾರು ಸಲ ಈ ನಾಲ್ಕನ್ನೂ ಲೆಕ್ಕಮಾಡಿ ವಿಮಾನದ ಮುಂದಿನ ಸ್ಥಾನವನ್ನು ಗೊತ್ತುಮಾಡುವದು. ವೇಗವು ಎರಡು ಪಟ್ಟಾದರೆ ಎತ್ತುಬಲವು ನಾಲ್ಕು ಪಟ್ಟಾಗುವದೆಂದು ನಾವು ಫಳಿಯ ಮೇಲೆ ಬರೆದು ಕಲಿಸುವೆವು; ಸಾಕಷ್ಟು ವೇಗವು ಬರುವ ಮೊದಲೇ ಮೂತಿಯನ್ನು ಮೇಲಕ್ಕೆತ್ತಿದ ಹುಡುಗಿಯು ಆ ಸೂತ್ರವನ್ನು ತಾನಾಗಿಯೇ ಅರಿಯುವಳು. ಸಾಂಬ್ರಾದ ನೆಲವು ಸಮುದ್ರಮಟ್ಟಕ್ಕಿಂತ ಸುಮಾರು ೨,೫೦೦ ಅಡಿ ಎತ್ತರದಲ್ಲಿರುವದರಿಂದ ಅಲ್ಲಿಯ ಗಾಳಿಯು ಕಡಲದಂಡೆಯ ಗಾಳಿಗಿಂತ ತೆಳುವು. ಅದೇ ವಿಮಾನಕ್ಕೆ ಅಲ್ಲಿ ನೆಲಬಿಡಲು ಹೆಚ್ಚು ಓಟವು ಬೇಕಾಗುವದು. ವಿಜ್ಞಾನದ ಪಾಠವು ಇಷ್ಟಕ್ಕೇ ಸಾರ್ಥಕವಾಗುವದು. ಆದರೆ ನಮಗೆ ಹೆಚ್ಚು ಬೇಕಾದದ್ದು ಕೆಳಗೆ ಕಾಣುವ ನೆಲವು.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟು ನೇರವಾಗಿ ಉತ್ತರಕ್ಕೆ ಹೋದರೆ ಅರ್ಧ ದಾರಿಯಲ್ಲಿ ಘಟಪ್ರಭೆಯ ಹಿಡಕಲ್ ಜಲಾಶಯವು ಕನ್ನಡಿಯಂತೆ ಹರಡಿಕೊಂಡಿರುವದು ಕಾಣುವದು. ಮುಂದೆ ಹುಕ್ಕೇರಿ, ಹೊರಟಲ್ಲಿಂದ ಸುಮಾರು ೬೩ ಕಿಲೋಮೀಟರಿಗೆ ಚಿಕ್ಕೋಡಿ. ಅಲ್ಲಿಂದ ಪಡುವಲಿಗೆ ತಿರುಗಿದರೆ ೨೪ ಕಿಲೋಮೀಟರಿನೊಳಗೆ ನಿಪ್ಪಾಣಿಯೂ ಅದರ ಮಗ್ಗುಲಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೂ ಸಿಕ್ಕುವವು. ನಿಪ್ಪಾಣಿಯ ಕಡೆಯಿಂದ ಬರುವ ವೇದಗಂಗೆಯು ದೂಧಗಂಗೆಯನ್ನು ಕೂಡಿಕೊಳ್ಳುವದು. ದೂಧಗಂಗೆಯು ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯನ್ನು ಸೇರುವದು. ಕೃಷ್ಣೆಯ ಗುಂಟ ಕೆಳಗೆ ಸಾಗಿದರೆ ಮಾಂಜರಿಯ ಸೇತುವೆ, ಉಗಾರದ ಸಕ್ಕರೆ ಕಾರಖಾನೆ, ಮಿರಜ–ಬೆಳಗಾವಿ ರೈಲುಮಾರ್ಗವು ನದಿಯನ್ನು ದಾಟುವ ಕುಡಚಿ ಒಂದಾದ ಮೇಲೊಂದು ಬರುವವು. ರಾಯಬಾಗವು ನದಿಯ ತೆಂಕಣಕ್ಕೂ, ಕಾಗವಾಡ ಅಥಣಿಗಳು ಬಡಗಣಕ್ಕೂ ಇರುವವು. ನದಿಯ ಬದಿಗೆ ಕಬ್ಬಿನ ಹಸುರು. ಅಥಣಿಯ ಮೂಡಣಕ್ಕೆ ಒಣಬೇಸಾಯದ ಕಂದು ಬಣ್ಣ. ಪುಸ್ತಕದಲ್ಲಿ ಹತ್ತು ಸಲ ಓದಿದ ನದೀಸಂಗಮವನ್ನು ಹೀಗೆ ಒಮ್ಮೆ ಮೇಲಿನಿಂದ ಕಂಡವಳು ಎಂದಿಗೂ ಮರೆಯಲಾರಳು.

ಈ ನೆಲವು ತೆರೆಯ ಮೇಲೆ ಹೇಗೆ ಬಂತು? ಅದನ್ನು ಮೂರು ಪದರುಗಳೆಂದು ತಿಳಿಯಬೇಕು. ಮೊದಲನೆಯದು ಎತ್ತರದ ಪದರು. ೨೦೦೦ನೆಯ ಇಸ್ವಿಯ ಫೆಬ್ರುವರಿಯಲ್ಲಿ ಎಂಡೆವರ್ ಎಂಬ ಅಮೇರಿಕದ ಆಕಾಶನೌಕೆಯು ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರಿನ ಸಹಾಯದಿಂದ ಉತ್ತರದ ೬೦ನೆಯ ಅಕ್ಷಾಂಶದಿಂದ ದಕ್ಷಿಣದ ೫೬ನೆಯದರ ವರೆಗಿನ ನೆಲದ ಏರುತಗ್ಗುಗಳನ್ನು ಅಳೆಯಿತು. ಆರು ಜನರ ಆ ತಂಡದಲ್ಲಿ ಜಾನಿಸ್ ವಾಸ್, ಜಾನೆಟ್ ಕವಾಂಡಿ ಎಂಬ ಇಬ್ಬರು ಮಹಿಳೆಯರಿದ್ದರು. ಸುಮಾರು ೩೦ ಮೀಟರಿಗೊಂದರಂತೆ ಅಳೆದ ಆ ಅಂಕೆಗಳು ಇಂದು ಯಾರಿಗಾದರೂ ಪುಕ್ಕಟೆಯಾಗಿ ದೊರೆಯುವವು. ಎರಡನೆಯದು ಚಿತ್ರದ ಪದರು. ಉಪಗ್ರಹಗಳು ತೆಗೆದ ಚಿತ್ರಗಳನ್ನು ಆ ಏರುತಗ್ಗುಗಳ ಮೇಲೆ ಕಂಬಳಿಯಂತೆ ಹೊದಿಸಿರುವರು. ಮೂರನೆಯದು ಹೆಸರುಗಳ ಮತ್ತು ದಾರಿಗಳ ಪದರು. ಮೊದಲಿನ ಎರಡನ್ನು ಆಕಾಶದಿಂದ ಪಡೆಯಬಹುದು. ಮೂರನೆಯದನ್ನು ನೆಲದ ಮೇಲಿರುವ ಮನುಷ್ಯರೇ ಕೊಡಬೇಕು. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುವೆನು.

ಇನ್ನು ‘ಮುಕ್ತ’ ಎಂಬ ಮಾತಿನ ಅರ್ಥ. ಅಂಗಡಿಯಲ್ಲಿ ಕೊಂಡ ಮಸಾಲೆ ಖಾರದ ಪೊಟ್ಟಣವು ರುಚಿಯಾಗಿರಬಹುದು. ಆದರೆ ಮಾಡುವವನು ನಿಲ್ಲಿಸಿದರೆ ನಮ್ಮ ಮನೆಯ ಪಲ್ಯವೂ ಕೆಡುವದು. ಅತ್ತೆಯವರಿಂದ ಪ್ರಮಾಣವನ್ನು ಕೇಳಿ ಬರೆದುಕೊಂಡವಳಿಗೆ ಆ ಭಯವಿಲ್ಲ. ಅವಳು ತನ್ನ ಮನೆಯವರ ನಾಲಗೆಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಂಡು, ನೆರೆಮನೆಯವಳಿಗೂ ಹೇಳಿಕೊಡಬಹುದು. ತಂತ್ರಾಂಶವೂ ಹಾಗೆಯೇ. ಅದನ್ನು ರಚಿಸಿದ ಮೂಲ ಬರಹವನ್ನು ಎಲ್ಲರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂದು ಬರೆದುಕೊಟ್ಟಿದ್ದರೆ ಅದು ಮುಕ್ತ ತಂತ್ರಾಂಶವು.

ಇದರ ಬೆಲೆಯು ಈ ವಿಮಾನಯಾನದ ಚರಿತ್ರೆಯಲ್ಲಿಯೇ ಕಂಡುಬರುವದು. ಜಿಯೋಎಫ್‌ಎಸ್ ಮೊದಲು ಬೇರೆ ಹೆಸರಿನಿಂದ ಗೂಗಲ್ ಕಂಪನಿಯ ಗೂಗಲ್ ಅರ್ಥ್ ಎಂಬ ಬ್ರೌಸರ್ ಜೋಡಣೆಯೊಂದರ ಮೇಲೆ ನಿಂತಿತ್ತು. ೨೦೧೪ರ ಡಿಸೆಂಬರಿನಲ್ಲಿ ಆ ಜೋಡಣೆಯನ್ನು ನಿಲ್ಲಿಸುವದಾಗಿ ಗೂಗಲ್ ಪ್ರಕಟಿಸಿತು. ಅದರ ಮೂಲ ಬರಹವು ಹೊರಗಿನವರ ಕೈಯಲ್ಲಿ ಇರಲಿಲ್ಲವಾದ್ದರಿಂದ ಅದನ್ನು ಮುಂದುವರಿಸುವ ಉಪಾಯವಿರಲಿಲ್ಲ. ಅಷ್ಟರಲ್ಲಿ ಅಮೇರಿಕದ ಅನಲಿಟಿಕಲ್ ಗ್ರಾಫಿಕ್ಸ್ ಎಂಬ ಸಂಸ್ಥೆಯವರು ಉಪಗ್ರಹಗಳ ಚಲನೆಯನ್ನು ತೋರಿಸುವದಕ್ಕಾಗಿ ೨೦೧೧ರಲ್ಲಿ ಆರಂಭಿಸಿದ್ದ ಸೀಸಿಯಮ್ ಎಂಬ ಭೂಗೋಲ ತಂತ್ರಾಂಶವನ್ನು ೨೦೧೨ರಲ್ಲಿ ಮುಕ್ತಗೊಳಿಸಿದ್ದರು. ವಿಮಾನಯಾನವು ಆ ತಳಹದಿಗೆ ಸ್ಥಳಾಂತರವಾಗಿ ಉಳಿದುಕೊಂಡಿತು. ಜಿಯೋಎಫ್‌ಎಸ್ ತಾನೇ ಮುಕ್ತ ತಂತ್ರಾಂಶವಲ್ಲ. ಮುಕ್ತವಾದ ನೆಲಗಟ್ಟಿನ ಮೇಲೆ ಕಟ್ಟಿದ ಮನೆಯು. ಒಳಗೂ ಹೊರಗೂ ಮುಕ್ತವಾದದ್ದು ಬೇಕಾದವರಿಗೆ ೧೯೯೭ರಿಂದ ಬೆಳೆದುಬಂದಿರುವ ಫ್ಲೈಟ್‌ಗಿಯರ್ ಇರುವದು. ಅದನ್ನು ಮಾತ್ರ ಯಂತ್ರದಲ್ಲಿ ಕೂಡಿಸಿಕೊಳ್ಳಬೇಕಾಗುವದು.

ನಕಾಶೆಯ ಮಾತಿಗೆ ಬರೋಣ. ನಮ್ಮ ದೇಶದಲ್ಲಿ ಸರ್ವೆ ಆಫ್ ಇಂಡಿಯಾ ಎಂಬ ಮೋಜಣಿ ಇಲಾಖೆಯು ೧೭೬೭ರಲ್ಲಿ ಹುಟ್ಟಿತು. ೧೮೦೨ರ ಏಪ್ರಿಲಿನಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಹತ್ತಿರ ಸರಪಳಿಯಿಂದ ಮೊದಲ ರೇಖೆಯನ್ನು ಅಳೆದು ಮಹಾ ತ್ರಿಕೋನ ಮೋಜಣಿಯನ್ನು ಆರಂಭಿಸಿದನು. ಅಂದಿನಿಂದ ಎರಡು ಶತಮಾನಗಳ ವರೆಗೆ ನಕಾಶೆಯನ್ನು ಮಾಡುವದು ಸರಕಾರದ ಕೆಲಸವೆಂದೂ, ನೋಡುವದಷ್ಟೇ ಪ್ರಜೆಯ ಕೆಲಸವೆಂದೂ ನಡೆದುಬಂತು. ೨೦೨೧ರ ಫೆಬ್ರುವರಿ ೧೫ರಂದು ಭಾರತ ಸರಕಾರವು ಹೊಸ ಮಾರ್ಗಸೂಚಿಯನ್ನು ಹೊರಡಿಸಿ, ಸೂಕ್ಷ್ಮವಾದ ಕೆಲವು ಸಂಗತಿಗಳನ್ನು ಬಿಟ್ಟು, ಮುಂಗಡ ಪರವಾನಿಗೆಯಿಲ್ಲದೆ ನಕಾಶೆಯನ್ನು ರಚಿಸುವ ಅಧಿಕಾರವನ್ನು ಭಾರತೀಯರಿಗೆ ಕೊಟ್ಟಿತು. ಈ ಹಕ್ಕಿನ ಮಹತ್ವವು ನಮ್ಮ ಹಳ್ಳಿಗಳ ವರೆಗೆ ಇನ್ನೂ ಮುಟ್ಟಿಲ್ಲವೆಂದೇ ನನ್ನ ಅಭಿಪ್ರಾಯವು.

ಜಗತ್ತಿನ ಮುಕ್ತ ನಕಾಶೆಗಳಲ್ಲಿ ಮುಖ್ಯವಾದದ್ದು ಓಪನ್‌ಸ್ಟ್ರೀಟ್‌ಮ್ಯಾಪ್. ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಇದನ್ನು ೨೦೦೪ರಲ್ಲಿ ಆರಂಭಿಸಿದರು. ಇಂದು ಇದರಲ್ಲಿ ಒಂದು ಕೋಟಿಗಿಂತ ಹೆಚ್ಚು ಜನರು ಹೆಸರು ನೋಂದಾಯಿಸಿರುವರು. ಇದರ ರಚನೆಯು ಸರಳವು. ಒಂದು ಬಾವಿಯು ಒಂದು ಚುಕ್ಕೆ. ಒಂದು ಗಾಡಿದಾರಿಯು ಚುಕ್ಕೆಗಳನ್ನು ಕೂಡಿಸಿದ ಗೆರೆ. ಒಂದು ಕೆರೆಯು ಸುತ್ತಿಬಂದು ಮುಚ್ಚಿಕೊಂಡ ಗೆರೆ. ಪ್ರತಿಯೊಂದಕ್ಕೂ ಚೀಟಿಗಳನ್ನು ಅಂಟಿಸುವರು: ಇದು ಕಚ್ಚಾ ರಸ್ತೆ, ಇದು ಶಾಲೆ, ಇದರ ಹೆಸರು ಇಂಥಾದ್ದು. ಯಾರು ಯಾವಾಗ ಏನನ್ನು ತಿದ್ದಿದರೆಂಬ ದಾಖಲೆಯು ಉಳಿಯುವದರಿಂದ ಒಬ್ಬರ ತಪ್ಪನ್ನು ಇನ್ನೊಬ್ಬರು ಸರಿಪಡಿಸಬಹುದು. ಈ ಸಾಮಗ್ರಿಯನ್ನು ಬೇರೆ ಪದರುಗಳೊಡನೆ ಕೂಡಿಸಿ ಅಭ್ಯಾಸಮಾಡುವದಕ್ಕೆ ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶವಿರುವದು. ಅದನ್ನು ೨೦೦೨ರಲ್ಲಿ ಗ್ಯಾರಿ ಶೆರ್ಮನ್ ಎಂಬವರು ಆರಂಭಿಸಿದರು. ಸಾಧಾರಣ ಗಣಕಯಂತ್ರದಲ್ಲಿಯೂ ಅದು ನಡೆಯುವದು, ಬಿಡಿಕಾಸಿನ ವೆಚ್ಚವಿಲ್ಲ.

ಈಗ ಈ ಲೇಖನದ ಮುಖ್ಯ ಮಾತು. ಉಪಗ್ರಹದ ಕಣ್ಣಿಗೆ ಮೋಡವು ಅಡ್ಡವಾಗುವದು. ಆದಕಾರಣ ನಕಾಶೆಗಾಗಿ ಆರಿಸಿದ ಚಿತ್ರಗಳು ಬಹುಮಟ್ಟಿಗೆ ಆಕಾಶವು ತಿಳಿಯಾಗಿದ್ದ ದಿನಗಳವು. ಅಂದರೆ ನಮ್ಮ ಭಾಗದಲ್ಲಿ ಚಳಿಗಾಲದ ಮತ್ತು ಬೇಸಿಗೆಯ ದಿನಗಳವು. ಹೀಗಾಗಿ ತೆರೆಯ ಮೇಲೆ ಕೃಷ್ಣೆಯು ಯಾವಾಗಲೂ ದಂಡೆಯೊಳಗೆ ತಣ್ಣಗೆ ಹರಿಯುವಳು. ವೇದಗಂಗೆಯ ಮೇಲಿನ ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ, ಭೋಜವಾಡಿ–ಕುನ್ನೂರ ಬಾಂದಾರಗಳೂ, ದೂಧಗಂಗೆಯ ಮೇಲಿನ ಕಾರದಗಾ–ಭೋಜ, ಮಲಿಕವಾಡ–ದತ್ತವಾಡ ಬಾಂದಾರಗಳೂ, ಕೃಷ್ಣೆಯ ಮೇಲಿನ ಕಲ್ಲೋಳ–ಯಡೂರ ಬಾಂದಾರವೂ ತೆರೆದ ದಾರಿಗಳಾಗಿಯೇ ಕಾಣುವವು. ಮಳೆಗಾಲದಲ್ಲಿ ಮೇಲಿನ ಘಟ್ಟದಲ್ಲಿ ಮಳೆಯು ಜೋರಾದರೆ, ಇಲ್ಲಿ ಹನಿ ಬೀಳದಿದ್ದರೂ ಈ ಬಾಂದಾರಗಳು ನೀರಿನಲ್ಲಿ ಮುಳುಗುವವೆಂಬದನ್ನು ಚಿಕ್ಕೋಡಿ ನಿಪ್ಪಾಣಿಗಳ ಬಾಲಕಿಯರೆಲ್ಲ ಬಲ್ಲರು. ಶಾಲೆಗೆ ಸುತ್ತುದಾರಿಯಿಂದ ಬರುವವರು ಅವರೇ ಅಲ್ಲವೇ? ಚಿತ್ರಕ್ಕೆ ಮಾತ್ರ ಅದು ಗೊತ್ತಿಲ್ಲ. ಹೊರಗಿನಿಂದ ಬಂದ ವಾಹನದವನು ಕೈಯಲ್ಲಿಯ ಫೋನು ತೋರಿಸಿದ ಹತ್ತಿರದ ದಾರಿಯನ್ನು ನಂಬಿ ನೀರಿನಂಚಿಗೆ ಬಂದು ನಿಲ್ಲುವನು. ಆ ವಾಹನದಲ್ಲಿ ಹೆರಿಗೆಯ ಹೆಣ್ಣುಮಗಳಿದ್ದರೆ ಹಿಂದಿರುಗುವ ಸಮಯಕ್ಕೆ ಎಷ್ಟು ಬೆಲೆಯೆಂಬದನ್ನು ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ. ಮುಕ್ತ ನಕಾಶೆಯಲ್ಲಿ ಇಂಥ ಸೇತುವೆಗೆ ‘ಪ್ರವಾಹದಲ್ಲಿ ಮುಳುಗುವದು’ ಎಂಬ ಚೀಟಿಯನ್ನು ಅಂಟಿಸಲು ಅವಕಾಶವಿರುವದು. ಅಂಟಿಸುವ ಕೈ ಮಾತ್ರ ಇಲ್ಲಿಯದಾಗಿರಬೇಕು.

ಎರಡನೆಯ ಕೊರತೆಯು ಹೆಸರುಗಳದು. ನಮ್ಮ ಭಾಗದಲ್ಲಿ ಅನೇಕ ಕುಟುಂಬಗಳು ಊರು ಬಿಟ್ಟು ಹೊಲಗಳಲ್ಲಿಯೇ ಮನೆಮಾಡಿಕೊಂಡಿರುವವು. ಮನೆತನದ ಹೆಸರಿನಿಂದ ‘ಇಂಥವರ ತೋಟ’ ಎಂದು ಕರೆಯಿಸಿಕೊಳ್ಳುವ ಇಂಥ ವಸತಿಗಳಲ್ಲಿ ಸರಕಾರಿ ಶಾಲೆಗಳೂ ಉಂಟು. ಆಕಾಶದಿಂದ ನೋಡಿದರೆ ಕಾಣುವದು ಕಬ್ಬಿನ ನಡುವಿನ ನಾಲ್ಕಾರು ಮಾಳಿಗೆಗಳು ಮಾತ್ರ. ಕಬ್ಬು ಆಳೆತ್ತರ ಬೆಳೆದಾಗ ಅಲ್ಲಿಗೆ ಹೋಗುವ ಕಾಲುದಾರಿಯೂ ಮುಚ್ಚಿಹೋಗುವದು. ೨೦೧೯ರ ಆಗಸ್ಟಿನಲ್ಲಿಯೂ, ಮತ್ತೆ ೨೦೨೧ರ ಜುಲೈಯಲ್ಲಿಯೂ ಕೃಷ್ಣೆಯು ಉಕ್ಕಿದಾಗ ಕಾಗವಾಡದ ಜುಗೂಳ, ಮಂಗಾವತಿಗಳಂಥ ದಂಡೆಯ ಊರುಗಳಿಗೆ ಸಹಾಯವು ಬೇಕಾಯಿತು. ಊರಿಗೆ ಹೆಸರಿರುವದು, ಅಧಿಕಾರಿಗಳು ಹುಡುಕಿ ಬರುವರು. ತೋಟದ ವಸತಿಯಿಂದ ಫೋನು ಮಾಡಿದವರು “ಎಲ್ಲಿ?” ಎಂಬ ಪ್ರಶ್ನೆಗೆ ಹೊರಗಿನವರಿಗೆ ತಿಳಿಯುವಂತೆ ಏನು ಉತ್ತರ ಹೇಳಬೇಕು? ನಕಾಶೆಯಲ್ಲಿ ಒಂದು ಚುಕ್ಕೆ, ಒಂದು ಹೆಸರು ಇದ್ದರೆ ಅದೇ ಉತ್ತರವಾಗುವದು.

ಇದು ಕಲ್ಪನೆಯ ಮಾತಲ್ಲ. ೨೦೧೦ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಅದರ ರಾಜಧಾನಿಯ ಬೀದಿಗಳ ಒಳ್ಳೆಯ ನಕಾಶೆಯೇ ಇರಲಿಲ್ಲ. ದೂರದೂರದ ದೇಶಗಳ ಸ್ವಯಂಸೇವಕರು ಉಪಗ್ರಹಚಿತ್ರಗಳನ್ನು ನೋಡಿ ಕೆಲವೇ ದಿನಗಳಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಬೀದಿಗಳನ್ನು ಬರೆದರು; ರಕ್ಷಣೆಗೆ ಹೋದ ತಂಡಗಳು ಆ ನಕಾಶೆಯನ್ನೇ ಬಳಸಿದವು. ೨೦೧೫ರ ಚೆನ್ನೈ ಪ್ರವಾಹದಲ್ಲಿ ನಗರವಾಸಿಗಳು ನೀರು ನಿಂತ ಬೀದಿಗಳನ್ನು ಇದೇ ಮುಕ್ತ ನಕಾಶೆಯ ಮೇಲೆ ಗುರುತಿಸಿದರು. ೨೦೧೮ರಲ್ಲಿ ಕೇರಳದವರಿಗೂ ಇದು ಉಪಯೋಗಬಿತ್ತು. ವಿಪತ್ತು ಬಂದ ಮೇಲೆ ಬರೆಯುವದಕ್ಕಿಂತ ಮೊದಲೇ ಬರೆದಿಡುವದು ಜಾಣತನವೆಂದು ಬೇರೆ ಹೇಳಬೇಕಾಗಿಲ್ಲ.

ಪ್ರವಾಹದ ಕುರಿತು ಮಕ್ಕಳಿಗೆ ಕೊಡುವ ಒಂದು ಅಭ್ಯಾಸವನ್ನು ಇಲ್ಲಿ ಹೇಳುವೆನು. ಕ್ಯೂಜಿಐಎಸ್‌ನಲ್ಲಿ ಎತ್ತರದ ಪದರನ್ನು ತೆರೆದು, ನದಿಯ ನೀರು ಇಷ್ಟು ಮೀಟರು ಏರಿದರೆ ಯಾವ ನೆಲವು ಮುಳುಗಬಹುದೆಂದು ಬಣ್ಣ ಹಚ್ಚಿ ನೋಡುವೆವು. ಪಾಠವು ಸೊಗಸಾಗಿರುವದು, ಆದರೆ ಅದರ ಮಿತಿಯನ್ನು ಕೂಡಲೇ ಕಲಿಸಬೇಕು. ೩೦ ಮೀಟರಿಗೊಂದು ಅಂಕೆಯಿರುವಲ್ಲಿ ಒಂದು ಏರಿಯೂ ಒಂದು ಹಳ್ಳವೂ ತಪ್ಪಿಹೋಗಬಹುದು. ರೇಡಾರು ಗಿಡಗಳ ತಲೆಯನ್ನು ನೆಲವೆಂದು ಭಾವಿಸುವದುಂಟು. ಎತ್ತರದಲ್ಲಿ ಹಲವು ಮೀಟರುಗಳ ಹೆಚ್ಚುಕಡಿಮೆಯು ಸಂಭವಿಸುವದು. ಆದಕಾರಣ ವಿದ್ಯಾರ್ಥಿನಿಯರಿಗೆ ನಾವು ಹೇಳುವದೇನಂದರೆ, ಮನೆಗೆ ಹೋಗಿ ಅಜ್ಜನನ್ನೂ ಅಜ್ಜಿಯನ್ನೂ ಕೇಳಿರಿ: ೨೦೦೫ರಲ್ಲಿ ನೀರು ಎಲ್ಲಿಗೆ ಬಂದಿತ್ತು, ೨೦೧೯ರಲ್ಲಿ ಗುಡಿಯ ಯಾವ ಮೆಟ್ಟಲನ್ನು ಮುಟ್ಟಿತ್ತು? ಅಜ್ಜಿಯು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದ ಗುರುತು ಆ ಸ್ಥಳದ ಮಟ್ಟಿಗೆ ಆಕಾಶನೌಕೆಯ ಅಂಕೆಗಿಂತ ಹೆಚ್ಚು ನಂಬತಕ್ಕದ್ದು. ವಿಜ್ಞಾನವು ಅಜ್ಜಿಯ ಮಾತನ್ನು ತಳ್ಳಿಹಾಕುವದೆಂದು ತಿಳಿದವರಿಗೆ ಇದು ಸಮಾಧಾನದ ಸಂಗತಿಯು.

ಭಾಷೆಯ ವಿಷಯವಾಗಿಯೂ ಒಂದು ಮಾತು. ಗಡಿಯ ನಾಡಿನಲ್ಲಿ ಒಂದೇ ಊರನ್ನು ಕನ್ನಡದವರು ಒಂದು ಬಗೆಯಾಗಿಯೂ ಮರಾಠಿಯವರು ಇನ್ನೊಂದು ಬಗೆಯಾಗಿಯೂ ಉಚ್ಚರಿಸುವರು. ಕಾಗದದ ನಕಾಶೆಯಲ್ಲಿ ಸ್ಥಳವು ಕಡಿಮೆಯಾದ್ದರಿಂದ ಯಾವುದಾದರೂ ಒಂದಕ್ಕೆ ಮಾತ್ರ ಜಾಗವು. ಮುಕ್ತ ನಕಾಶೆಯಲ್ಲಿ ಒಂದೇ ಚುಕ್ಕೆಗೆ ಕನ್ನಡದ ಹೆಸರಿನ ಚೀಟಿ ಬೇರೆ, ಮರಾಠಿಯದು ಬೇರೆ, ಇಂಗ್ಲಿಷಿನದು ಬೇರೆ. ಒಂದು ಇನ್ನೊಂದನ್ನು ಅಳಿಸುವದಿಲ್ಲ. ಹೊರಗಿನವರು ಇಂಗ್ಲಿಷಿನಿಂದ ಊಹಿಸಿ ಬರೆದ ಊರ ಹೆಸರುಗಳು ಕನ್ನಡದಲ್ಲಿ ವಿಕಾರವಾಗುವದುಂಟು. ಕಾಗುಣಿತವನ್ನು ಬಲ್ಲ ಹುಡುಗಿಯೊಬ್ಬಳು ತನ್ನ ಊರ ಹೆಸರನ್ನು ಶುದ್ಧವಾಗಿ ಬರೆದರೆ ಜಗತ್ತೆಲ್ಲವೂ ಅದನ್ನೇ ಓದುವದು.

ಈ ವಿದ್ಯೆಯಿಂದ ಜೀವನೋಪಾಯವುಂಟೋ ಎಂದು ಕೇಳುವ ತಂದೆಯರಿಗೆ ಸಂಕ್ಷೇಪವಾಗಿ ಹೇಳುವೆನು. ನೀರಾವರಿ, ಕೃಷಿ, ನಗರರಚನೆ, ವಿಮೆ, ಅರಣ್ಯ ಮುಂತಾದ ಎಲ್ಲ ಕಾರ್ಯಗಳಲ್ಲಿಯೂ ನಕಾಶೆಯ ತಂತ್ರಾಂಶವನ್ನು ಬಲ್ಲವರು ಬೇಕಾಗಿರುವರು. ವಿಮಾನದ ಮಾತೆಂದರೆ, ೧೯೩೬ರಲ್ಲಿಯೇ ೨೧ ವರ್ಷದ ಸರಳಾ ಠಕ್ರಾಲರು ಸೀರೆಯುಟ್ಟು ಒಬ್ಬರೇ ವಿಮಾನ ನಡಿಸಿದರು. ಇಂದು ಭಾರತದಲ್ಲಿ ಮಹಿಳಾ ವಿಮಾನಚಾಲಕರ ಪ್ರಮಾಣವು ಜಗತ್ತಿನ ಸರಾಸರಿಗಿಂತ ಹೆಚ್ಚಾಗಿರುವದು.

ಕೆಲವು ನಿರ್ಬಂಧಗಳನ್ನು ನಾವು ಕಟ್ಟುನಿಟ್ಟಾಗಿ ಪಾಲಿಸುವೆವು. ಹಾರಾಟವು ಗೊತ್ತುಪಡಿಸಿದ ತಾಸಿನಲ್ಲಿ ಮಾತ್ರ. ತಾವು ಕಣ್ಣಾರೆ ಕಂಡದ್ದನ್ನೇ, ಇಲ್ಲವೆ ಹಿರಿಯರಿಂದ ಕೇಳಿ ಪರೀಕ್ಷಿಸಿದ್ದನ್ನೇ ಬರೆಯಬೇಕು. ಬೇರೆ ಕಂಪನಿಯ ನಕಾಶೆಯಿಂದ ಎತ್ತಿಕೊಳ್ಳುವದು ಕಳವಿಗೆ ಸಮಾನವು. ಸೈನ್ಯಕ್ಕೆ ಸಂಬಂಧಿಸಿದ ಸ್ಥಳಗಳನ್ನು ಗುರುತಿಸಕೂಡದು. ಯಾರ ಮನೆಯಲ್ಲಿ ಯಾರಿರುವರೆಂದು ಬರೆಯಕೂಡದು; ತೋಟಕ್ಕೆ ಊರೆಲ್ಲ ಕರೆಯುವ ಹೆಸರು ಸಾಕು. ವಿದ್ಯಾರ್ಥಿನಿಯು ತನ್ನ ಸ್ವಂತ ಹೆಸರನ್ನೂ ವಿಳಾಸವನ್ನೂ ಎಲ್ಲಿಯೂ ಕೊಡಕೂಡದು. ಶಾಲೆಯ ಲೆಕ್ಕದಿಂದ, ಶಿಕ್ಷಕಿಯು ನೋಡಿದ ಮೇಲೆಯೇ, ಪ್ರತಿಯೊಂದು ತಿದ್ದುಪಡಿಯು ಹೋಗುವದು.

ಕೊನೆಗೆ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ವಿನಂತಿ. ನಿಮ್ಮಲ್ಲಿ ಅನೇಕರು ಮದುವೆಯಾಗಿ ನದಿಯ ಆಚೆಯ ದಂಡೆಗೂ ಅಥಣಿಯ ಬಯಲಿಗೂ ಗಡಿಯಾಚೆಯ ಊರುಗಳಿಗೂ ಹೋಗಿರುವಿರಿ. ತವರಿನ ದಾರಿಯನ್ನೂ ಗಂಡನ ಮನೆಯ ದಾರಿಯನ್ನೂ ಬಲ್ಲವರು ನಿಮ್ಮಷ್ಟು ಮತ್ತಾರೂ ಇಲ್ಲ. ಒಂದು ಅಂಚೆಯ ಕಾರ್ಡಿನಲ್ಲಿ ನಾಲ್ಕು ಸಂಗತಿಗಳನ್ನು ಬರೆದು ಶಾಲೆಗೆ ಕಳಿಸಿರಿ: ನಿಮ್ಮ ವಸತಿಯನ್ನು ಜನರು ಕರೆಯುವ ಹೆಸರು, ಅಲ್ಲಿಗೆ ಹತ್ತಿರದ ಶಾಲೆ ಅಥವಾ ಗುಡಿ, ಮಳೆಗಾಲದಲ್ಲಿ ಯಾವ ಸೇತುವೆಯು ಮೊದಲು ಮುಳುಗುವದು, ಅದು ಮುಳುಗಿದಾಗ ನೀವು ಹಿಡಿಯುವ ದಾರಿ ಯಾವುದು. ನಮ್ಮ ಹುಡುಗಿಯರು ಅವನ್ನು ಪರೀಕ್ಷಿಸಿ ನಕಾಶೆಯಲ್ಲಿ ಸೇರಿಸುವರು. ಮುಂದಿನ ಆಷಾಢದ ಮಳೆಗೆ ಮುಂಚೆ ಕಾರ್ಡುಗಳು ಕೈಸೇರಿದರೆ ಬಹಳ ಉಪಕಾರವಾಗುವದು.